ರೇಡಾರ್ ನಕ್ಷೆಯ ಬಣ್ಣ ಮತ್ತು ಓದುಗನ ರೂಢಿ: ಆಸ್ಟ್ರೇಲಿಯಾದ ಹವಾಮಾನ ಜಾಲತಾಣದ ಮರುವಿನ್ಯಾಸ

ಆಸ್ಟ್ರೇಲಿಯಾದ ಹವಾಮಾನ ಸಂಸ್ಥೆಯಾದ ಬ್ಯೂರೋ ಆಫ್ ಮೀಟಿಯೊರಾಲಜಿ 2025ರ ಅಕ್ಟೋಬರ್ 22ರಂದು ತನ್ನ ಜಾಲತಾಣವನ್ನು ಹೊಸ ರೂಪದಲ್ಲಿ ಬಳಕೆಗೆ ಬಿಟ್ಟಿತು. ಹಳೆಯ ತಾಣ 2013ರಿಂದ ಹೆಚ್ಚು ಬದಲಾಗದೆ ಉಳಿದಿತ್ತು. ಹೊಸದು ಬಂದ ಬೆನ್ನಿಗೇ ದೂರುಗಳ ಸುರಿಮಳೆಯಾಯಿತು; ಕೆಲವೇ ದಿನಗಳಲ್ಲಿ ರೇಡಾರ್ ನಕ್ಷೆಯ ಹಳೆಯ ಬಣ್ಣಗಳನ್ನು ಸಂಸ್ಥೆ ವಾಪಸು ತರಬೇಕಾಯಿತು. ಹೊಸತಿಗೆ ಒಗ್ಗದವರ ಗೊಣಗಾಟವೆಂದು ಇದನ್ನು ಬದಿಗೆ ಸರಿಸುವುದು ಸುಲಭ. ಆದರೆ ಜನ ಯಾವುದರ ಬಗ್ಗೆ ದೂರಿದರು ಎಂಬುದನ್ನು ನೋಡಿದರೆ ಆ ತೀರ್ಮಾನ ನಿಲ್ಲುವುದಿಲ್ಲ. ವರ್ಷಗಟ್ಟಲೆ ನೋಡಿ ನೋಡಿ ರೂಢಿಸಿಕೊಂಡಿದ್ದ ಓದಿನ ಕೌಶಲವೇ ರಾತ್ರೋರಾತ್ರಿ ಕೆಲಸಕ್ಕೆ ಬಾರದಂತಾಯಿತು ಎಂಬುದು ನನ್ನ ವಾದ.

ರೇಡಾರ್ ಮಳೆಯನ್ನು ನೇರವಾಗಿ ಅಳೆಯುವುದಿಲ್ಲ. ಹನಿಗಳಿಗೆ ತಾಗಿ ಹಿಂದಿರುಗುವ ಅಲೆಯ ಬಲವನ್ನು ಅಳೆದು ಡೆಸಿಬೆಲ್ ಮಾನದಲ್ಲಿ ಹೇಳುತ್ತದೆ. ಮಾರ್ಷಲ್ ಮತ್ತು ಪಾಮರ್ 1948ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದ ಪ್ರಸಿದ್ಧ ಸೂತ್ರದ ಪ್ರಕಾರ 30 ಡೆಸಿಬೆಲ್ ಎಂದರೆ ಗಂಟೆಗೆ ಸುಮಾರು 2.7 ಮಿಲಿಮೀಟರ್ ಮಳೆ, 40 ಎಂದರೆ 11.5, 50 ಎಂದರೆ 48ಕ್ಕೂ ಹೆಚ್ಚು. ಅಂದರೆ ಮಾಪಕದಲ್ಲಿ ಹತ್ತು ಅಂಕ ಏರಿದಾಗಲೆಲ್ಲ ಮಳೆಯ ಬಿರುಸು ನಾಲ್ಕು ಪಟ್ಟು ಮೀರುತ್ತದೆ. ಆಲಿಕಲ್ಲು ಬೆರೆತರೆ ಲೆಕ್ಕ ಇನ್ನಷ್ಟು ಜಟಿಲ. ತಿಳಿನೀಲಿಯಿಂದ ಶುರುವಾಗಿ ಹಳದಿ, ಕೆಂಪು ದಾಟಿ ಕಪ್ಪಿಗೆ ಮುಟ್ಟುವ ಹಳೆಯ ನಕ್ಷೆಯನ್ನು ನೋಡುತ್ತಿದ್ದ ಸಾಮಾನ್ಯ ಓದುಗನಿಗೆ ಈ ಸೂತ್ರ ಗೊತ್ತಿರಬೇಕಾಗಿರಲಿಲ್ಲ. ಕಪ್ಪು ಚುಕ್ಕೆ ತನ್ನ ಊರಿನತ್ತ ಸರಿಯುತ್ತಿದ್ದರೆ ಕಾರನ್ನು ಸೂರಿನಡಿ ನಿಲ್ಲಿಸಬೇಕು ಎಂಬುದಷ್ಟು ಗೊತ್ತಿತ್ತು. ಅದು ಪುಸ್ತಕದ ತಿಳಿವಳಿಕೆಯಲ್ಲ, ಎಷ್ಟೋ ಬಿರುಮಳೆಗಳಲ್ಲಿ ನಕ್ಷೆಯನ್ನೂ ಆಕಾಶವನ್ನೂ ಹೋಲಿಸಿ ಕಲಿತದ್ದು. ಹೊಸ ನಕ್ಷೆಯಲ್ಲಿ ಬಿರುಗಾಳಿಗಳು ಇರುವುದಕ್ಕಿಂತ ಸೌಮ್ಯವಾಗಿ ಕಾಣುತ್ತಿವೆ ಎಂದು ಜನ ದೂರಿದಾಗ ಅವರು ಮಾತಾಡುತ್ತಿದ್ದುದು ಅಂದಚೆಂದದ ಬಗ್ಗೆ ಅಲ್ಲವೇ ಅಲ್ಲ. ಅದೇ ದಿನಗಳಲ್ಲಿ ಆಗ್ನೇಯ ಕ್ವೀನ್ಸ್‌ಲ್ಯಾಂಡಿಗೆ ಆಲಿಕಲ್ಲಿನ ಬಿರುಗಾಳಿ ಅಪ್ಪಳಿಸಿತು. ಆ ರಾಜ್ಯದ ಪ್ರೀಮಿಯರ್ ಡೇವಿಡ್ ಕ್ರಿಸಾಫುಲ್ಲಿ ಕೂಡ ತಾಣದ ಬಗ್ಗೆ ಬಹಿರಂಗವಾಗಿ ಅತೃಪ್ತಿ ತೋರಿದರು.

ರೈತರ ಸಿಟ್ಟಿಗೆ ಬೇರೆ ಕಾರಣವಿತ್ತು. ತಮ್ಮ ಹೊಲದ ಅಕ್ಷಾಂಶ ರೇಖಾಂಶ ಕೊಟ್ಟು ಅಲ್ಲಿನದೇ ಮುನ್ಸೂಚನೆ ಪಡೆಯಲು ಹೊಸ ತಾಣದಲ್ಲಿ ಆಗುತ್ತಿಲ್ಲ ಎಂದರು. ಅಲ್ಲಿ ಅಕ್ಟೋಬರ್, ನವೆಂಬರ್ ಗೋಧಿ ಕಟಾವಿನ ಕಾಲ. ತೇವಾಂಶ ಶೇ 12.5 ಮೀರಿದ ಗೋಧಿಯನ್ನು ಉಗ್ರಾಣಗಳು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಮಾಗಿದ ತೆನೆಯ ಮೇಲೆ ಒಂದು ಮಳೆ ಬಿದ್ದರೆ ಕಟಾವು ಯಂತ್ರ ನಿಲ್ಲಬೇಕು, ಕಾಳಿನ ದರ್ಜೆಯೂ ಇಳಿಯಬಹುದು. ಸಾವಿರಾರು ಹೆಕ್ಟೇರು ಹೊಲವಿರುವವನಿಗೆ ಹತ್ತಿರದ ಪಟ್ಟಣದ ಹವಾಮಾನ ತಿಳಿದು ಏನು ಉಪಯೋಗ?

ಮರುವಿನ್ಯಾಸದ ವೆಚ್ಚ 41 ಲಕ್ಷ ಆಸ್ಟ್ರೇಲಿಯನ್ ಡಾಲರ್ ಎಂದು ಮೊದಲು ಹೇಳಲಾಗಿತ್ತು. ಇಡೀ ಯೋಜನೆಗೆ ತಗುಲಿದ್ದು 9.65 ಕೋಟಿ ಎಂದು ನವೆಂಬರಿನಲ್ಲಿ ಹೊರಬಿತ್ತು. ಸಂಸ್ಥೆಯ ಸಮರ್ಥನೆಯಲ್ಲಿ ಹುರುಳಿಲ್ಲದಿಲ್ಲ: 2015ರ ಸೈಬರ್ ದಾಳಿಯ ನಂತರ ಒಳಗಿನ ವ್ಯವಸ್ಥೆಯನ್ನು ಹೊಸದಾಗಿ ಕಟ್ಟುವುದು ಅನಿವಾರ್ಯವೇ ಆಗಿತ್ತು. ಆದರೆ ತಳಪಾಯ ಬದಲಿಸುವಾಗಲೇ ರೇಡಾರಿನ ಬಣ್ಣಗಳನ್ನೂ ಬದಲಿಸಬೇಕೆಂಬ ತಾಂತ್ರಿಕ ಒತ್ತಾಯ ಇರಲಿಲ್ಲ. ಇದ್ದಿದ್ದರೆ ಅಷ್ಟು ಬೇಗ ಹಳೆಯ ಬಣ್ಣಗಳು ಮರಳುತ್ತಲೇ ಇರಲಿಲ್ಲ.

ಹೊಸ ತಾಣದ ಬೀಟಾ ಆವೃತ್ತಿ ಒಂದು ವರ್ಷಕ್ಕೂ ಹೆಚ್ಚು ಕಾಲ ಸಾರ್ವಜನಿಕರಿಗೆ ತೆರೆದೇ ಇತ್ತು. ಆದರೂ ತೊಂದರೆ ಮೊದಲೇ ಗಮನಕ್ಕೆ ಬಾರದೆ ಹೋದದ್ದು ಪರೀಕ್ಷೆಯ ಸ್ವರೂಪದಿಂದ ಎಂದು ನನಗನ್ನಿಸುತ್ತದೆ. ಬಿಡುವಿನಲ್ಲಿ ಬೀಟಾ ಪುಟ ತೆರೆದು ನೋಡುವವನು ಮೆಚ್ಚುಗೆಯ ಅಂಕ ಕೊಡಬಲ್ಲ; ಮೋಡ ಕವಿದಾಗ ಅವನು ತೆರೆಯುವುದು ರೂಢಿಯ ಹಳೆಯ ಪುಟವನ್ನೇ. ಹಿಂದಿನ ನಿಜವಾದ ಬಿರುಗಾಳಿಗಳ ರೇಡಾರ್ ಚಿತ್ರಸರಣಿಯನ್ನು ಎರಡೂ ನಕ್ಷೆಗಳಲ್ಲಿ ತೋರಿಸಿ, ಮಳೆ ಎಷ್ಟು ಹೊತ್ತಿಗೆ ನಿಮ್ಮ ಹೊಲ ಮುಟ್ಟುತ್ತದೆ, ಎಷ್ಟು ಬಿರುಸಾಗಿರುತ್ತದೆ ಎಂದು ರೈತರನ್ನೂ ಮೀನುಗಾರರನ್ನೂ ಕೇಳಿ, ಅವರ ಉತ್ತರವನ್ನು ಮಳೆಮಾಪಕದ ದಾಖಲೆಯೊಂದಿಗೆ ತಾಳೆ ನೋಡಬಹುದಿತ್ತು. ಅದಕ್ಕೆ ಬೇಕಾದ ದತ್ತಾಂಶವೆಲ್ಲ ಸಂಸ್ಥೆಯ ಕಡತದಲ್ಲೇ ಇದೆ.