ಲಿಥಿಯಂ ಸೆಲ್ಲಿನ ಟಾರ್ಚ್: ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ವರ್ಷದ ಬಹುಪಾಲು ದಿನ ಕಪಾಟಿನ ಮೂಲೆಯಲ್ಲಿ ಬಿದ್ದಿರುವ ಟಾರ್ಚ್ ನೆನಪಾಗುವುದು ಮಳೆಗಾಲದ ರಾತ್ರಿ ಕರೆಂಟು ಹೋದಾಗ. ಗುಂಡಿ ಒತ್ತಿದರೆ ಬೆಳಕಿಲ್ಲ. ಮುಚ್ಚಳ ತಿರುಗಿಸಿದರೆ ಸೆಲ್ ಸೋರಿ ಸ್ಪ್ರಿಂಗ್ ತುಕ್ಕು ಹಿಡಿದಿರುತ್ತದೆ. ಹಾವು ಅಡ್ಡ ಬರಬಹುದಾದ ಮಲೆನಾಡಿನ ತೋಟದ ದಾರಿಯಲ್ಲಿ, ರಾತ್ರಿ ಪಾಳಿಯ ವಿದ್ಯುತ್ತಿಗೆ ಕಾದು ಪಂಪ್‌ಸೆಟ್ ಚಾಲೂ ಮಾಡಲು ಹೊರಡುವ ಬಯಲುಸೀಮೆಯ ಹೊಲದಲ್ಲಿ ಇದು ಬರಿಯ ಅನನುಕೂಲವಲ್ಲ, ಅಪಾಯವೇ ಸರಿ. ಈ ತೊಂದರೆಗಿರುವ ಪರಿಹಾರಗಳಲ್ಲಿ ಒಂದು, ಬಳಸಿ ಬಿಸಾಡುವ ಲಿಥಿಯಂ ಸೆಲ್ಲಿನ ಟಾರ್ಚ್. ಆದರೆ ಅದು ಎಲ್ಲರಿಗೂ ಒಗ್ಗುವ ವಸ್ತುವಲ್ಲ.

ಎರಡು ಬಗೆಯ ಸೆಲ್

ಟಾರ್ಚಿಗೆ ಬಳಕೆಯಾಗುವ ಇಂತಹ ಸೆಲ್‌ಗಳಲ್ಲಿ ಎರಡು ಬಗೆ ಮುಖ್ಯ. ಮೊದಲನೆಯದು ಸಿಆರ್ 123ಎ. ಫಿಲ್ಮ್ ಕ್ಯಾಮೆರಾಗಳ ಕಾಲದಲ್ಲಿ ಬಳಕೆಗೆ ಬಂದ ಈ ಗಿಡ್ಡ ಸೆಲ್ಲಿನ ವ್ಯಾಸ 17 ಮಿ.ಮೀ., ಉದ್ದ 34.5 ಮಿ.ಮೀ., ಒತ್ತಡ 3 ವೋಲ್ಟ್, ಸಾಮರ್ಥ್ಯ ಸುಮಾರು 1,500 ಮಿಲಿ ಆಂಪಿಯರ್ ಗಂಟೆ. ಎರಡನೆಯದು, ಸಾಮಾನ್ಯ ಪೆನ್ಸಿಲ್ ಸೆಲ್ಲಿನ ಆಕಾರದಲ್ಲೇ ದೊರೆಯುವ 1.5 ವೋಲ್ಟಿನ ಲಿಥಿಯಂ ಸೆಲ್. ಇದರ ಸಾಮರ್ಥ್ಯ ಸುಮಾರು 3,000 ಮಿಲಿ ಆಂಪಿಯರ್ ಗಂಟೆ; ತೂಕ ಸುಮಾರು 15 ಗ್ರಾಂ. ಅದೇ ಅಳತೆಯ ಆಲ್ಕಲೈನ್ ಸೆಲ್ 23 ಗ್ರಾಂ ತೂಗುತ್ತದೆ.

ಎರಡಕ್ಕೂ ಸಮಾನವಾದ ಗುಣಗಳಿವೆ. ಹತ್ತು ವರ್ಷ ಬಳಸದೆ ಇಟ್ಟರೂ ಬಹುಪಾಲು ಶಕ್ತಿ ಉಳಿದಿರುತ್ತದೆ. ಆಲ್ಕಲೈನ್ ಸೆಲ್ಲಿನಂತೆ ಇವು ಸಾಮಾನ್ಯವಾಗಿ ಸೋರುವುದಿಲ್ಲ. ಆಲ್ಕಲೈನ್ ಸೆಲ್ ಸೋತುಹೋಗುವ ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲೂ ಇವು ಕೆಲಸ ಮಾಡುತ್ತವೆ. ಬೆಂಗಳೂರಿನಿಂದ ಹಿಮಾಲಯದ ಚಾರಣಕ್ಕೆ ಹೊರಡುವವರಿಗೆ ಇದು ಉಪಯುಕ್ತ ಅಂಶ.

ಬೆಳಕಿನ ಲೆಕ್ಕ

ಟಾರ್ಚಿನ ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ ಕಾಣುವುದು ಲುಮೆನ್. ಇದು ಟಾರ್ಚಿನಿಂದ ಹೊರಬೀಳುವ ಒಟ್ಟು ಬೆಳಕಿನ ಅಳತೆ. ಆ ಬೆಳಕು ಎಷ್ಟು ದೂರ ಹೋಗುತ್ತದೆ ಎಂಬುದನ್ನು ನಿರ್ಧರಿಸುವುದು ಕ್ಯಾಂಡೆಲಾ, ಅಂದರೆ ಕಿರಣದ ತೀಕ್ಷ್ಣತೆ. ಮನೆಯೊಳಗೆ ಓಡಾಡಲು 20ರಿಂದ 50 ಲುಮೆನ್ ಧಾರಾಳ. ಅಂಗಳಕ್ಕೆ, ತೋಟದ ದಾರಿಗೆ 100ರಿಂದ 200 ಸಾಕು. ಅದಕ್ಕಿಂತ ಹೆಚ್ಚಿನ ಬೆಳಕು ಆಗೊಮ್ಮೆ ಈಗೊಮ್ಮೆ, ಕೆಲವು ನಿಮಿಷಗಳ ಮಟ್ಟಿಗೆ ಮಾತ್ರ ಬೇಕಾಗುತ್ತದೆ.

ಅಮೆರಿಕದಲ್ಲಿ 2009ರಲ್ಲಿ ರೂಪುಗೊಂಡ ಎಫ್‌ಎಲ್ 1 ಎಂಬ ಮಾನದಂಡ ಈ ಅಳತೆಗಳಿಗೆ ಒಂದು ಶಿಸ್ತು ತಂದಿತು. ಅದರ ಪ್ರಕಾರ, ಕಿರಣವು ಹುಣ್ಣಿಮೆಯ ಬೆಳದಿಂಗಳಷ್ಟು, ಅಂದರೆ 0.25 ಲಕ್ಸ್‌ನಷ್ಟು ಕ್ಷೀಣಿಸುವವರೆಗಿನ ಅಂತರವೇ ಟಾರ್ಚಿನ ದೂರ. 2,500 ಕ್ಯಾಂಡೆಲಾದ ಟಾರ್ಚಿಗೆ ಇದು 100 ಮೀಟರ್. 10,000 ಕ್ಯಾಂಡೆಲಾಕ್ಕೆ 200 ಮೀಟರ್. ದೂರ ಇಮ್ಮಡಿಯಾಗಲು ತೀಕ್ಷ್ಣತೆ ನಾಲ್ಮಡಿಯಾಗಬೇಕು. ಅಷ್ಟು ದೂರದ ಮಸುಕು ಬೆಳಕಿನಲ್ಲಿ ವಸ್ತುವನ್ನು ಗುರುತಿಸುವುದು ಕಷ್ಟವಾದ್ದರಿಂದ, ನಮೂದಿಸಿದ ದೂರದಲ್ಲಿ ಅರ್ಧವನ್ನು ನಂಬುವುದು ಲೇಸು.

ಉರಿಯುವ ಅವಧಿಯ ವಿಷಯದಲ್ಲೂ ಎಚ್ಚರ ಬೇಕು. ಅದೇ ಮಾನದಂಡದಲ್ಲಿ ಬೆಳಕು ಆರಂಭದ ಶೇ. 10ಕ್ಕೆ ಇಳಿಯುವವರೆಗಿನ ಸಮಯವನ್ನೆಲ್ಲ ಅವಧಿಯೆಂದೇ ಎಣಿಸಲಾಗುತ್ತದೆ. ಆದ್ದರಿಂದ ‘500 ಲುಮೆನ್, 3 ಗಂಟೆ’ ಎಂದರೆ ಮೂರು ಗಂಟೆಯೂ 500 ಲುಮೆನ್ ಎಂದರ್ಥವಲ್ಲ. ಇದನ್ನು ಪರೀಕ್ಷಿಸಲು ಸುಲಭದ ಲೆಕ್ಕವೊಂದಿದೆ. ಎರಡು ಸಿಆರ್ 123ಎ ಸೆಲ್‌ಗಳಲ್ಲಿರುವ ಶಕ್ತಿ ಸುಮಾರು 9 ವ್ಯಾಟ್ ಗಂಟೆ. ಪ್ರತಿ ವ್ಯಾಟಿಗೆ ಎಲ್‌ಇಡಿ 100 ಲುಮೆನ್ ಕೊಡುತ್ತದೆಂದು ಹಿಡಿದರೆ ಒಟ್ಟು 900. ಇದನ್ನು ಬೇಕಾದ ಲುಮೆನ್ನಿನಿಂದ ಭಾಗಿಸಬೇಕು: 100 ಲುಮೆನ್ನಿಗೆ 9 ಗಂಟೆ, 300ಕ್ಕೆ 3 ಗಂಟೆ. ಒಂದು ಸಾವಿರ ಲುಮೆನ್ ಬೆಳಕನ್ನು ಹತ್ತು ಗಂಟೆ ಒಂದೇ ಸಮನೆ ಕೊಡುವುದಾಗಿ ಹೇಳುವ ಸಣ್ಣ ಟಾರ್ಚ್ ಸುಳ್ಳು ಹೇಳುತ್ತಿದೆ ಎಂದೇ ಅರ್ಥ. ಹಿಂದೆ ಪೊಲೀಸರ ಬಳಕೆಯಲ್ಲಿ ಹೆಸರಾಗಿದ್ದ ಅಮೆರಿಕದ ಶ್ಯೂರ್‌ಫೈರ್ 6ಪಿ ಬಲ್ಬಿನ ಟಾರ್ಚ್ ಇವೇ ಎರಡು ಸೆಲ್‌ಗಳಿಂದ 65 ಲುಮೆನ್ ಬೆಳಕನ್ನು ಸುಮಾರು ಒಂದು ಗಂಟೆ ಕೊಡುತ್ತಿತ್ತು. ಎಲ್‌ಇಡಿ ತಂದ ಬದಲಾವಣೆ ಎಷ್ಟೆಂಬುದು ಇದರಿಂದ ಸ್ಪಷ್ಟ.

ಕೊಳ್ಳುವಾಗ ನೋಡಬೇಕಾದುದು

* ಕನಿಷ್ಠ ಎರಡು ಹಂತದ ಬೆಳಕಿರಲಿ. ಕಡಿಮೆ ಹಂತವೇ ಸೆಲ್ ಉಳಿಸುವುದು.
* ಬೆಳಕನ್ನು ಸ್ಥಿರವಾಗಿಡುವ ಸರ್ಕ್ಯೂಟ್ ಒಳ್ಳೆಯದು. ಆದರೆ ಲಿಥಿಯಂ ಸೆಲ್ ಕೊನೆಯವರೆಗೂ ಒತ್ತಡ ಕಾಯ್ದುಕೊಂಡು ಥಟ್ಟನೆ ಮುಗಿಯುವುದರಿಂದ, ಜೊತೆಗೆ ಬದಲಿ ಸೆಲ್ ಇಟ್ಟುಕೊಳ್ಳಬೇಕು.
* ಹೊಸ ಲಿಥಿಯಂ ಪೆನ್ಸಿಲ್ ಸೆಲ್ಲಿನ ಒತ್ತಡ ಆರಂಭದಲ್ಲಿ 1.8 ವೋಲ್ಟಿನವರೆಗೂ ಇರುತ್ತದೆ. ತಯಾರಕರು ಅದಕ್ಕೆ ಒಪ್ಪಿಗೆ ಸೂಚಿಸಿದ್ದಾರೆಯೇ ಎಂದು ನೋಡಬೇಕು.
* ಮಳೆಗೆ ಐಪಿಎಕ್ಸ್ 4 ಸಾಕು. ಐಪಿಎಕ್ಸ್ 7 ಇದ್ದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ಕೆಡದು.

ಖರ್ಚು ಎಷ್ಟು?

ಟಾರ್ಚಿನ ಬೆಲೆ ಒಂದು ಸಲದ್ದು, ಸೆಲ್ಲಿನದು ಪದೇ ಪದೇ ಬರುವಂಥದ್ದು. ಒಂದು ಜೊತೆ ಸೆಲ್ ಎರಡು ಗಂಟೆ ಉರಿಯುವ ಟಾರ್ಚನ್ನು ದಿನಕ್ಕೆ ಅರ್ಧ ಗಂಟೆ ಬಳಸಿದರೆ ನಾಲ್ಕು ದಿನಕ್ಕೊಂದು ಜೊತೆ, ವರ್ಷಕ್ಕೆ ತೊಂಬತ್ತಕ್ಕೂ ಹೆಚ್ಚು ಜೊತೆ ಬೇಕು. ಸಾಮಾನ್ಯ ಸೆಲ್ಲಿಗಿಂತ ಹಲವು ಪಟ್ಟು ದುಬಾರಿಯಾದ ಲಿಥಿಯಂ ಸೆಲ್ಲಿಗೆ ಇಷ್ಟು ಹಣ ಸುರಿಯುವುದು ಜಾಣತನವಲ್ಲ. ಪ್ರತಿ ರಾತ್ರಿ ಹೊಲಕ್ಕೆ ಹೋಗುವವರಿಗೆ ರೀಚಾರ್ಜ್ ಟಾರ್ಚೇ ಸೂಕ್ತ. ಸಿಆರ್ 123ಎ ಸಣ್ಣ ಊರಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದೂ ಇಲ್ಲ. ಆದ್ದರಿಂದ ಹೆಚ್ಚಿನವರಿಗೆ ಪೆನ್ಸಿಲ್ ಸೆಲ್ಲಿನ ಟಾರ್ಚ್ ಲೇಸು. ಲಿಥಿಯಂ ಸೆಲ್ ಮುಗಿದರೂ ತಾತ್ಕಾಲಿಕವಾಗಿ ಕಿರಾಣಿ ಅಂಗಡಿಯ ಸೆಲ್ ಹಾಕಿ ಉರಿಸಬಹುದು.

ಎಚ್ಚರಿಕೆಗಳು

ಹಳೆಯ ಸೆಲ್ಲಿನೊಂದಿಗೆ ಹೊಸದನ್ನು, ಒಂದು ಕಂಪನಿಯದರೊಂದಿಗೆ ಇನ್ನೊಂದರದನ್ನು ಸೇರಿಸಬಾರದು. ದುರ್ಬಲ ಸೆಲ್ ಮೊದಲು ಬರಿದಾಗಿ, ಬಲವಾದುದು ಅದರೊಳಗೆ ವಿದ್ಯುತ್ತನ್ನು ತಿರುವುಮುರುವಾಗಿ ತಳ್ಳಿದಾಗ ಅದು ಕಾದು, ವಿಷಾನಿಲ ಉಗುಳಿ ಸಿಡಿಯಬಹುದು. ಮುಚ್ಚಿದ ಲೋಹದ ಕೊಳವೆಯಲ್ಲಿ ಇದು ಪ್ರಾಣಾಪಾಯಕಾರಿ. ಬಳಸಿ ಬಿಸಾಡುವ ಸೆಲ್ಲನ್ನು ಎಂದಿಗೂ ಚಾರ್ಜ್ ಮಾಡಬಾರದು. ಅದೇ ಅಳತೆಯ ರೀಚಾರ್ಜ್ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುವುದರಿಂದ, 3 ವೋಲ್ಟಿನ ಸೆಲ್ಲಿಗಷ್ಟೇ ರೂಪಿಸಿದ ಟಾರ್ಚನ್ನು ಅದು ಸುಟ್ಟುಹಾಕಬಹುದು. ವಿಮಾನ ಪ್ರಯಾಣದಲ್ಲಿ ಬಿಡಿ ಲಿಥಿಯಂ ಸೆಲ್‌ಗಳನ್ನು ಕೈಚೀಲದಲ್ಲೇ ಒಯ್ಯಬೇಕು, ಲಗೇಜಿಗೆ ಹಾಕುವಂತಿಲ್ಲ.

ಮುಗಿದ ಸೆಲ್ಲನ್ನು ಬೆಂಕಿಗಾಗಲಿ ಮನೆಯ ಕಸಕ್ಕಾಗಲಿ ಎಸೆಯದೆ, ಎರಡೂ ತುದಿಗೆ ಟೇಪು ಸುತ್ತಿ ಸಂಗ್ರಹ ಕೇಂದ್ರಕ್ಕೆ ಕೊಡಬೇಕು. ಭಾರತದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಇಂತಹ ಸೆಲ್‌ಗಳ ಸಂಗ್ರಹದ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ.

ಒಟ್ಟಿನಲ್ಲಿ ಲಿಥಿಯಂ ಸೆಲ್ಲಿನ ಟಾರ್ಚ್ ದಿನಬಳಕೆಯ ಸಾಧನವಲ್ಲ, ಆಪತ್ಕಾಲದ್ದು. ಆರು ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷಿಸಿ, ಕತ್ತಲಲ್ಲೂ ಕೈಗೆ ಸಿಗುವ ಗೊತ್ತಾದ ಜಾಗದಲ್ಲಿ ಇಟ್ಟರೆ ಮಾತ್ರ ಅದಕ್ಕೆ ಕೊಟ್ಟ ಹಣ ಸಾರ್ಥಕ.