ಕಾಳಿ ನದಿ ದಾಟಿದ ಚಾಕರಿ

ಕಾರವಾರದ ಶಿರವಾಡ ರೈಲು ನಿಲ್ದಾಣದಲ್ಲಿ ಬೆಳಗ್ಗೆ ಮಡಗಾಂವ್ ಕಡೆ ಹೋಗುವ ರೈಲಿಗೆ ಕಾಯುವವರನ್ನು ನಾಲ್ಕು ದಿನ ನೋಡಿದರೆ ಸಾಕು, ಯಾರು ಎಂಥ ಕೆಲಸಕ್ಕೆ ಹೊರಟವರು ಎಂಬುದು ಗೊತ್ತಾಗುತ್ತದೆ. ಊಟದ ಡಬ್ಬಿ ಹಿಡಿದವರು ಸಂಜೆ ಮರಳುವವರು. ಕಾರ್ಖಾನೆ, ಹೋಟೆಲು, ಅಂಗಡಿಯ ಕೆಲಸ ಅವರದು. ಡಬ್ಬಿ ಇಲ್ಲದೆ ಬರೀ ಬಟ್ಟೆಯ ಚೀಲ ಹಿಡಿದ ಹೆಂಗಸರೂ ಕೆಲವರು ಇರುತ್ತಾರೆ. ಅವರು ಸಂಜೆ ಮರಳುವುದಿಲ್ಲ. ತಿಂಗಳಿಗೊಮ್ಮೆ, ಕೆಲವೊಮ್ಮೆ ಹಬ್ಬಕ್ಕೆ ಮಾತ್ರ ಬರುತ್ತಾರೆ. ಗೋವಾದ ಯಾವುದೋ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನೋ, ಏಳಲಾಗದ ಮಗನನ್ನೋ ನೋಡಿಕೊಳ್ಳುವವರು. ಏಜೆನ್ಸಿಯವರು ಇದನ್ನು ಹೋಮ್ ನರ್ಸ್ ಕೆಲಸ ಎನ್ನುತ್ತಾರೆ. ಎಲ್ಲಿಗೆ ಹೊರಟಿರಿ ಅಕ್ಕ ಎಂದು ಕೇಳಿದರೆ ಇವರು ಹೇಳುವುದು ಒಂದೇ ಮಾತು: ಚಾಕರಿಗೆ.

ನಮ್ಮ ಕಡೆ ಆ ಶಬ್ದಕ್ಕೆ ಎರಡು ಅರ್ಥ ಇದೆ. ಸಂಬಳದ ಕೆಲಸವೂ ಚಾಕರಿ, ಮಲಗಿದ ಅತ್ತೆಗೆ ಸೊಸೆ ಮಾಡುವುದೂ ಚಾಕರಿ. ಮೊದಲನೆಯದಕ್ಕೆ ಹಣ ಸಿಗುತ್ತದೆ, ಎರಡನೆಯದಕ್ಕೆ ಒಳ್ಳೆಯ ಹೆಸರು. ಈ ಹೆಂಗಸರ ಕೆಲಸದಲ್ಲಿ ಎರಡೂ ಕಲಸಿಹೋಗಿವೆ. ಸಂಬಳ ಹೆಚ್ಚಿಸಿ ಎಂದರೆ ನೀನು ಮನೆಯವಳ ಹಾಗೆ ಎನ್ನುತ್ತಾರೆ. ರಜೆ ಕೇಳಿದರೆ ಸಂಬಳ ಕೊಡುತ್ತಿಲ್ಲವೇ ಎನ್ನುತ್ತಾರೆ. ಈ ಗೊಂದಲ ನಿನ್ನೆ ಮೊನ್ನೆಯದಲ್ಲ. ಕಾಳಿ ನದಿಯ ಎರಡೂ ದಡಗಳ ಚರಿತ್ರೆಯಲ್ಲಿ ಅದರ ಬೇರು ಇದೆ.

ಮೊದಲು ಹಿಮ್ಮುಖವಾಗಿ ನಡೆದವರಿಂದ ಶುರು ಮಾಡಬೇಕು. ಪೋರ್ಚುಗೀಸರ ಗೋವಾದಲ್ಲಿ ಸಿರಿವಂತರ ಮನೆಯ ಚಾಕರಿ ಮಾಡುತ್ತಿದ್ದವರಲ್ಲಿ ಆಫ್ರಿಕದಿಂದ ಹಡಗಿನಲ್ಲಿ ತಂದ ಗುಲಾಮರೂ ಇದ್ದರು. ಅಡುಗೆ, ಮಕ್ಕಳು, ಮೇಣೆ ಹೊರುವುದು ಎಲ್ಲ ಅವರ ಪಾಲಿಗೆ. ಅವರಲ್ಲಿ ಅನೇಕರು ತಪ್ಪಿಸಿಕೊಂಡು ಗಡಿ ದಾಟಿ ನಮ್ಮ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲೂಕುಗಳ ಸಿದ್ದಿ ಜನರ ಪೂರ್ವಜರು ಬಹುಪಾಲು ಹೀಗೆ ಬಂದವರು. ಪೋರ್ಚುಗಲ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡುವ ಆಜ್ಞೆ ಹೊರಡಿಸಿದ್ದು 1869ರಲ್ಲಿ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಮುತ್ತಜ್ಜಿಯರು ಯಾವ ಮನೆಗಳಿಂದ ಓಡಿ ಬಂದರೋ ಅದೇ ಗೋವಾಕ್ಕೆ ಇಂದು ಸಿದ್ದಿ ಹೆಂಗಸರು ಮನೆಗೆಲಸಕ್ಕೆ ಹೋಗುತ್ತಾರೆ. ಇಂದು ಹೋಗುವುದು ಸ್ವಇಚ್ಛೆಯಿಂದ, ಬರುವುದು ಸಂಬಳ ಹಿಡಿದು. ಅದು ಸಣ್ಣ ಬದಲಾವಣೆಯಲ್ಲ. ಆದರೆ ಕೆಲಸಕ್ಕೆ ಗಂಟೆಯ ಲೆಕ್ಕ ಇಲ್ಲದಿರುವುದು ಹಾಗೇ ಉಳಿದಿದೆ.

ಉಳಿದವರ ದಾರಿ ಬಹಳ ಕಾಲ ಗೋವಾ ಕಡೆಗೆ ಇರಲಿಲ್ಲ. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಅಲ್ಲಿಂದ ಕಾರವಾರದ ಕಣ್ಣು ಮುಂಬಯಿ ಮೇಲೆ. ಆಗಬೋಟು ಹತ್ತಿ ಗಂಡಸರು ಹೋದರು. ಹೋಟೆಲು, ಗಿರಣಿ, ಗುಮಾಸ್ತಿಕೆ, ಹಡಗು. ಮನೆಯಲ್ಲಿ ಉಳಿದ ವೃದ್ಧರನ್ನು ನೋಡಿದವರು ಊರಲ್ಲಿ ಉಳಿದ ಹೆಂಗಸರು. ಮನಿಯಾರ್ಡರ್ ಕಳಿಸಿದವನ ಹೆಸರು ಅಂಚೆ ಕಚೇರಿಯಲ್ಲಿ ದಾಖಲಾಯಿತು. ಆ ಹಣದಿಂದ ಗಂಜಿ ಬೇಯಿಸಿ ಮಾವನಿಗೆ ಕುಡಿಸಿದವಳ ಹೆಸರು ಎಲ್ಲಿಯೂ ಇಲ್ಲ. ಇಂದಿಗೂ ನಮ್ಮ ಜನಗಣತಿ ಮನೆವಾರ್ತೆ ಮಾಡುವವರನ್ನು ಕೆಲಸಗಾರರಲ್ಲದವರ ಪಟ್ಟಿಯಲ್ಲೇ ಬರೆಯುತ್ತದೆ.

ಮಾಜಾಳಿಯ ಆಚೆ ಪೋಳೆಂ ಅಂದರೆ ಆಗ ಬೇರೆ ದೇಶ. 1955ರಲ್ಲಿ ಭಾರತ ಗೋವಾದ ಮೇಲೆ ಆರ್ಥಿಕ ದಿಗ್ಬಂಧನ ಹಾಕಿದಾಗ ಈ ಗಡಿಯಲ್ಲಿ ಓಡಾಟ ಇನ್ನೂ ಕಷ್ಟವಾಯಿತು. 1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆಯಾದ ಮೇಲೆ ಗಡಿ ಹೋಯಿತು, ಆದರೆ ನದಿ ಹಾಗೇ ಇತ್ತು. ಕೋಡಿಬಾಗದಿಂದ ಸದಾಶಿವಗಡಕ್ಕೆ ಬಾರ್ಜಿನ ಮೇಲೆ ದಾಟುತ್ತಿದ್ದ ಕಾಲವನ್ನು ಊರಿನ ಹಿರಿಯರು ಇಂದಿಗೂ ಹೇಳುತ್ತಾರೆ. ಕಾಳಿಗೆ ಸೇತುವೆಯಾದದ್ದು 1980ರ ದಶಕದಲ್ಲಿ. 1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆಯಿತು. ಅಂಕೋಲಾ, ಹಾರವಾಡ, ಅಸ್ನೋಟಿಯ ಹೆಂಗಸಿಗೆ ಮಡಗಾಂವ್ ಕೈಗೆಟಕುವ ಊರಾಯಿತು.

ಅದೇ ಕಾಲಕ್ಕೆ ಇಲ್ಲಿ ನೆಲ ಕೈತಪ್ಪಿತ್ತು. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ ಮತ್ತು ಅಂಕೋಲಾ ತಾಲೂಕಿನ ಕಡಲಂಚಿನ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೋಗಬೇಕಾಯಿತು. ಗದ್ದೆ, ತೆಂಗು, ದೋಣಿ ಇದ್ದ ಮನೆಗಳು ಪುನರ್ವಸತಿಯ ಸೈಟಿಗೆ ಬಂದವು. ದೊಡ್ಡ ಜಗಲಿಯ ಮೇಲೆ ಅಜ್ಜನನ್ನು ಕೂರಿಸಿ ಹತ್ತು ಜನ ಕಣ್ಣಿಡುತ್ತಿದ್ದ ವ್ಯವಸ್ಥೆ ಆ ಸೈಟಿನಲ್ಲಿ ಹಿಡಿಸಲಿಲ್ಲ. ನನಗೆ ಕಂಡಂತೆ ನೋಡಿಕೊಳ್ಳುವ ಕೈಗಳು ಸಂಬಳದ ಕೆಲಸ ಹುಡುಕುವ ಕೈಗಳಾದದ್ದಕ್ಕೆ ಇದೂ ಒಂದು ಕಾರಣ.

ಗೋವಾದಲ್ಲಿ ಆ ಕೈಗಳಿಗೆ ಬೇಡಿಕೆ ಇತ್ತು. ಅಲ್ಲಿನ ಮಕ್ಕಳು ಕೊಲ್ಲಿ ದೇಶಗಳಿಗೆ, ಹಡಗಿಗೆ, ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡಿಸಿಕೊಂಡು ಇಂಗ್ಲೆಂಡಿಗೆ ಹೋದರು. ದೊಡ್ಡ ಮನೆಗಳಲ್ಲಿ ತಂದೆತಾಯಿ ಉಳಿದರು. 2011ರ ಜನಗಣತಿಯಲ್ಲಿ 60 ವರ್ಷ ದಾಟಿದವರು ದೇಶದಲ್ಲಿ ಶೇ. 8.6, ಗೋವಾದಲ್ಲಿ ಶೇ. 11.2. ಪೋರ್ಚುಗೀಸರ ಕಾಲದಲ್ಲಿ, 1947ರಲ್ಲಿ ಶುರುವಾದ ಪ್ರೊವೆದೊರಿಯಾ ಎಂಬ ಸಂಸ್ಥೆ ಇಂದಿಗೂ ಅಲ್ಲಿ ವೃದ್ಧಾಶ್ರಮಗಳನ್ನು ನಡೆಸುತ್ತದೆ. ಆದರೆ ಹೆಚ್ಚಿನವರಿಗೆ ತಮ್ಮ ಮನೆಯಲ್ಲೇ ಸಾಯುವ ಆಸೆ. ಅದಕ್ಕೆ ಮನೆಯಲ್ಲೇ ಇರುವ ಒಬ್ಬ ಹೆಂಗಸು ಬೇಕು. ಕಾರವಾರದವಳಿಗೆ ಕೊಂಕಣಿ ಬರುತ್ತದೆ, ಮೀನು ಸಾರು ಮಾಡಲು ಬರುತ್ತದೆ. ಅಲ್ಲಿಯ ಅಜ್ಜಿಗೆ ಅದೇ ಮುಖ್ಯ.

ಇಂಥವರ ರಕ್ಷಣೆಗೆ ಕಾನೂನು ಇಲ್ಲವೇ? ಇದೆ, ಆದರೆ ಇವಳ ಬಾಗಿಲಿಗೆ ಬಂದು ನಿಲ್ಲುತ್ತದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಅನ್ವಯಿಸುತ್ತಿದ್ದದ್ದು ಐದು ಅಥವಾ ಹೆಚ್ಚು ವಲಸೆ ಕಾರ್ಮಿಕರಿರುವ ಕಡೆ. 2020ರ ಸಂಹಿತೆ ಆ ಐದನ್ನು ಹತ್ತು ಮಾಡಿತು. ಒಂದು ಮನೆಗೆ ಒಬ್ಬಳೇ ಹೋಗುವವಳು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಕರ್ನಾಟಕ 2004ರಲ್ಲೇ ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿ ಮಾಡಿತು, ಆದರೆ ಇವಳು ದುಡಿಯುವುದು ಗಡಿಯ ಆಚೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತಾಡುತ್ತದೆ. ಆ ಆರೈಕೆದಾರಳು ರಾತ್ರಿ ಎಷ್ಟು ಸಲ ಎದ್ದಳು, ಮಲಗಿದವರನ್ನು ಎತ್ತಿ ಎತ್ತಿ ಅವಳ ಸೊಂಟ ಏನಾಯಿತು ಎಂದು ಕೇಳುವ ಕಾಯ್ದೆ ಇನ್ನೂ ಬಂದಿಲ್ಲ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಪೋಳೆಂ ಗಡಿ ಮುಚ್ಚಿದಾಗ ಈ ಚಾಕರಿಯ ಸ್ವರೂಪ ಬಯಲಾಯಿತು. ಗೋವಾದಲ್ಲಿ ಸಿಲುಕಿದ ಮೀನುಗಾರರು ಗುಂಪಾಗಿ ಇದ್ದರು, ಮನವಿ ಕೊಟ್ಟರು, ಸುದ್ದಿಯಾದರು. ಒಂಟಿ ಮನೆಗಳ ಒಳಗೆ ಉಳಿದ ಹೆಂಗಸರು ಯಾರಿಗೆ ಮನವಿ ಕೊಡಬೇಕಿತ್ತು? ಅವರು ಬಂದುಬಿಟ್ಟರೆ ಹಾಸಿಗೆಯಲ್ಲಿದ್ದವರಿಗೆ ನೀರು ಕೊಡುವವರೂ ಇರಲಿಲ್ಲ.

ದೂರದ ಇಸ್ರೇಲಿನಲ್ಲೂ ಇದೇ ಕತೆ ದೊಡ್ಡದಾಗಿ ಕಂಡಿತು. ಅಲ್ಲಿ 1988ರಲ್ಲಿ ವೃದ್ಧರ ಆರೈಕೆಗೆ ವಿಮೆ ಜಾರಿಗೆ ಬಂದ ನಂತರ ವಿದೇಶಿ ಆರೈಕೆದಾರರು ಹೋಗತೊಡಗಿದರು. ಕೇರಳದವರು, ನಮ್ಮ ಕರಾವಳಿಯ ಮಂಗಳೂರು, ಉಡುಪಿ ಕಡೆಯವರು ಅದರಲ್ಲಿ ಬಹಳ. 2023ರ ಅಕ್ಟೋಬರಿನಲ್ಲಿ ಯುದ್ಧ ಶುರುವಾದಾಗ ಅಲ್ಲಿದ್ದ ಸುಮಾರು 18,000 ಭಾರತೀಯರಲ್ಲಿ ಹೆಚ್ಚಿನವರು ಈ ಕೆಲಸದವರು. ಸರ್ಕಾರ ಆಪರೇಷನ್ ಅಜಯ್ ಹೆಸರಲ್ಲಿ ವಿಮಾನ ಕಳಿಸಿತು. ಆದರೆ ಆರೈಕೆದಾರರು ಬಹುಪಾಲು ಅಲ್ಲೇ ಉಳಿದರು. ಸಾಲ, ವೀಸಾದ ಭಯ ಕಾರಣ ಹೌದು. ಸೈರನ್ ಕೂಗಿದಾಗ ಗಾಲಿಕುರ್ಚಿ ತಳ್ಳಿಕೊಂಡು ಹೋಗಲು ಬೇರೆ ಯಾರೂ ಇಲ್ಲ ಎಂಬುದೂ ಕಾರಣ.

ಈಗ ಕಾರವಾರ, ಅಂಕೋಲಾದ ಮನೆಗಳಿಗೂ ಹೋಮ್ ನರ್ಸ್ ಬರತೊಡಗಿದ್ದಾರೆ. ಮಕ್ಕಳು ಬೆಂಗಳೂರು, ದುಬೈಯಲ್ಲಿ. ನೋಡಿಕೊಳ್ಳಲು ಬರುವವಳು ಘಟ್ಟದ ಮೇಲಿನವಳು. ಅವಳ ಅಮ್ಮನನ್ನು ಅಲ್ಲಿ ನೋಡುತ್ತಿರುವುದು ಪಕ್ಕದ ಮನೆಯವರೋ, ಶಾಲೆ ಬಿಟ್ಟ ಮಗಳೋ. ಗೋವಾದವರು ನಮ್ಮ ಹೆಂಗಸರಿಗೆ ಹೇಳುತ್ತಿದ್ದ ಮಾತನ್ನೇ ನಾವು ಈಗ ಅವಳಿಗೆ ಹೇಳುತ್ತಿದ್ದೇವೆ: ನೀನು ಮನೆಯವಳ ಹಾಗೆ.

2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ಕುಸಿಯಿತು. ಒಂದು ಲಾರಿ ನದಿಗೆ ಬಿತ್ತು, ಚಾಲಕನನ್ನು ಜೀವಂತ ಎತ್ತಿದರು. ಆ ವಾರ ನಾನು ಪತ್ರಿಕೆಗೆ ಕಳಿಸಿದ ಸುದ್ದಿಗಳೆಲ್ಲ ಗುತ್ತಿಗೆದಾರರು, ಎಫ್‌ಐಆರ್, ವಾಹನ ಸಂಚಾರದ ಬಗ್ಗೆ. ಮರುದಿನ ಬಸ್ ನಿಲ್ದಾಣದಲ್ಲಿ ಬಟ್ಟೆಯ ಚೀಲ ಹಿಡಿದು ನಿಂತಿದ್ದ ಒಬ್ಬ ಅಕ್ಕ, ಹೊಸ ಸೇತುವೆ ಮೇಲೆ ಬಸ್ ಬಿಟ್ಟರಾ ಎಂದು ಕೇಳಿದರು. ಆಚೆ ಒಬ್ಬ ಮುದುಕಿ ಬೆಳಗಿನಿಂದ ಕಾಯುತ್ತಿದ್ದಾಳೆ ಎಂದರು. ಬಿಟ್ಟಿದ್ದಾರೆ ಎಂದಷ್ಟೇ ಹೇಳಿ ನಾನು ಬೈಕ್ ಹತ್ತಿದೆ. ಎಷ್ಟು ವರ್ಷದಿಂದ ಹೋಗುತ್ತಿದ್ದೀರಿ, ಎಷ್ಟು ಕೊಡುತ್ತಾರೆ, ನಿಮ್ಮ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಲಿಲ್ಲ. ಕೇಳಿ ಬರೆದಿದ್ದರೆ ಈ ಚರಿತ್ರೆಗೆ ಒಂದು ದಾಖಲೆಯಾದರೂ ಇರುತ್ತಿತ್ತು.