ಮತದಾರರ ಪಟ್ಟಿಯಲ್ಲಿ ನಮ್ಮ ಹೆಸರು

"ಮಾಷ್ಟ್ರೇ, ಪಟ್ಟಿಯಲ್ಲಿ ಅಪ್ಪನೇ ಇಲ್ಲವಲ್ಲ!"

2025ರ ನವೆಂಬರಿನಲ್ಲಿ ಕೇರಳದಲ್ಲಿ ಮತದಾರರ ಪಟ್ಟಿಯ ತೀವ್ರ ಪರಿಷ್ಕರಣೆ ಶುರುವಾದಾಗ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಹಿಡಿದುಕೊಂಡು ಶಾಲೆಗೇ ಬಂದಿದ್ದ. 2002ರ ಪಟ್ಟಿಯಲ್ಲಿ ತನ್ನ ಅಥವಾ ಹೆತ್ತವರ ಹೆಸರು ಹುಡುಕಿ ಫಾರ್ಮಿನಲ್ಲಿ ಬರೆಯಬೇಕಿತ್ತು. ನಾವೂ ಕೂತು ಹುಡುಕಿದೆವು. ಕೊನೆಗೆ ಮನೆ ನಂಬರಿನ ಜಾಡು ಹಿಡಿದು ಹೋದಾಗ ಅಪ್ಪ ಸಿಕ್ಕಿದರು. ಶಾಲೆಯ ಹಾಜರಿ ಪುಸ್ತಕದಲ್ಲಿ ನಾರಾಯಣ ಆಗಿದ್ದವರು ಪಟ್ಟಿಯಲ್ಲಿ ನಾರಾಯಣನ್ ಆಗಿದ್ದರು! ಒಂದು 'ನ್' ಅಲ್ಲವೇ ಎಂದು ನಗಬಹುದು. ಆದರೆ ಗಡಿನಾಡಿನ ನಮಗೆ ಮತದಾರರ ಪಟ್ಟಿಯೆಂದರೆ ಬರೀ ಕಾಗದವಲ್ಲ. ಅದಕ್ಕೊಂದು ಕಥೆಯಿದೆ.

ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ 1951-52ರಲ್ಲಿ ನಡೆದಾಗ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆಗ ಮತ ಹಾಕಲು 21 ವರ್ಷ ತುಂಬಿರಬೇಕಿತ್ತು. ಓದು ಬರಹ ಬಾರದವರೇ ಹೆಚ್ಚಾಗಿದ್ದ ಕಾಲ, ಹಾಗಾಗಿ ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ. ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬಂದರಾಯಿತು. ಆದರೆ ಪಟ್ಟಿ ತಯಾರಿಸುವುದೇ ದೊಡ್ಡ ಕಷ್ಟವಾಗಿತ್ತು. ಉತ್ತರದ ರಾಜ್ಯಗಳಲ್ಲಿ ಹೆಂಗಸರು ಸ್ವಂತ ಹೆಸರು ಹೇಳದೆ 'ಇಂಥವರ ಹೆಂಡತಿ', 'ಇಂಥವರ ಮಗಳು' ಎಂದೇ ಬರೆಸಿದರು. ಹೆಸರಿಲ್ಲದವರಿಗೆ ಮತವಿಲ್ಲ ಎಂದು ಸುಮಾರು 28 ಲಕ್ಷ ಮಹಿಳೆಯರನ್ನು ಪಟ್ಟಿಯಿಂದ ತೆಗೆಯಬೇಕಾಯಿತು.

1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಮರುವರ್ಷವೇ ಕೇರಳ ವಿಧಾನಸಭೆಗೆ ಮೊದಲ ಚುನಾವಣೆ. ಮಂಜೇಶ್ವರ ಕ್ಷೇತ್ರದಲ್ಲಿ ಏನಾಯಿತು ಗೊತ್ತೇ? ಸ್ವತಂತ್ರ ಅಭ್ಯರ್ಥಿ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಹೊಸ ರಾಜ್ಯದ ಮೊದಲ ವಿಧಾನಸಭೆಗೆ ನಮ್ಮ ಕಡೆಯವರು ಒಂದೇ ಒಂದು ಮತವನ್ನೂ ಹಾಕಬೇಕಾಗಿ ಬರಲಿಲ್ಲ! 1960ರಲ್ಲಿ ಕಳ್ಳಿಗೆ ಮಹಾಬಲ ಭಂಡಾರಿಯವರು ಗೆದ್ದರು, 1965 ಮತ್ತು 1967ರಲ್ಲೂ ಅವರೇ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಎಂಬ ಕೂಗು ಮತಪೆಟ್ಟಿಗೆಯ ಮೂಲಕವೇ ಕೇಳಿಸಿದ ಕಾಲ ಅದು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಿತು. ಮುಂದಿನದು ನಿಮಗೆಲ್ಲ ಗೊತ್ತಿರುವುದೇ.

ಚೀಟಿಯ ಮೇಲೆ ಗುರುತು ಒತ್ತುವ ಪದ್ಧತಿಯನ್ನು ಆಯೋಗ ಮೊದಲು ತಂದದ್ದು 1960ರ ಕೇರಳದ ಚುನಾವಣೆಯಲ್ಲಿ. ಮತಯಂತ್ರವನ್ನು ಮೊದಲು ಬಳಸಿದ್ದೂ ಕೇರಳದಲ್ಲೇ, 1982ರಲ್ಲಿ ಪರವೂರಿನ 50 ಬೂತುಗಳಲ್ಲಿ. ಕಾನೂನಿನಲ್ಲಿ ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟು 1984ರಲ್ಲಿ ಆ ಮತಗಳನ್ನು ರದ್ದು ಮಾಡಿತು, ಆ ಮಾತು ಬೇರೆ. ಇನ್ನು ಬೆರಳಿಗೆ ಹಚ್ಚುವ ಶಾಯಿ 1962ರಿಂದ ಬರುತ್ತಿರುವುದು ಮೈಸೂರಿನಿಂದ. ರಾಜ್ಯ ಬೇರೆಯಾದರೂ ಆ ಕಪ್ಪು ಗೆರೆ ಮಾತ್ರ ಕನ್ನಡನಾಡಿನದೇ ಎಂದು ಮಕ್ಕಳಿಗೆ ಹೇಳುವಾಗ ನಮಗೆ ಏನೋ ಖುಷಿ.

1989ರಲ್ಲಿ ಮತದಾನದ ವಯಸ್ಸು 18ಕ್ಕೆ ಇಳಿಯಿತು. ಆದರೂ "ನಾನೊಬ್ಬ ಹಾಕದಿದ್ದರೆ ಏನಾಗುತ್ತದೆ" ಎನ್ನುವವರು ಈಗಲೂ ಇದ್ದಾರೆ. ಅಂಥವರಿಗೆ ನಾವು ಬೋರ್ಡಿನ ಮೇಲೆ ಒಂದು ಲೆಕ್ಕ ಬರೆಯುತ್ತೇವೆ: 56,870ರಿಂದ 56,781 ಕಳೆದರೆ ಎಷ್ಟು? 89. 2016ರಲ್ಲಿ ನಮ್ಮ ಮಂಜೇಶ್ವರದಲ್ಲಿ ಗೆದ್ದವರಿಗೂ ಎರಡನೆಯವರಿಗೂ ಇದ್ದ ಅಂತರ ಅದು. ಒಂದು ಮದುವೆ ದಿಬ್ಬಣದ ಎರಡು ಬಸ್ಸಿನ ಜನ! 2021ರಲ್ಲೂ ಅಂತರ 745 ಮಾತ್ರ.

ಈಗ ಹೆಸರು ಸೇರಿಸುವ ಮಾತು. ಮೊದಲೆಲ್ಲ ಜನವರಿ 1ಕ್ಕೆ 18 ತುಂಬಿರಬೇಕಿತ್ತು, ಜನವರಿ 2ರಂದು ಹುಟ್ಟಿದವರು ವರ್ಷವಿಡೀ ಕಾಯುತ್ತಿದ್ದರು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಹೀಗೆ ನಾಲ್ಕು ತಿಂಗಳ ಒಂದನೇ ತಾರೀಕು ಲೆಕ್ಕಕ್ಕೆ ಬರುತ್ತದೆ. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು. ಹೊಸ ಹೆಸರಿಗೆ ಫಾರ್ಮ್ 6, ಜೊತೆಗೆ ಫೋಟೋ, ವಯಸ್ಸು ಮತ್ತು ವಾಸಸ್ಥಳದ ದಾಖಲೆ. ಬೂತಿನ ಬಿ.ಎಲ್.ಒ. ಕೈಗೆ ಕೊಡಬಹುದು, ಇಂಟರ್ನೆಟ್ಟಿನಲ್ಲೂ ತುಂಬಬಹುದು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆಗೆ ಹೆಸರು ಸೇರುವುದಿಲ್ಲ, ಆದ್ದರಿಂದ ಕೊನೆಯ ಗಳಿಗೆಗೆ ಓಡಬೇಡಿ. ಗುರುತಿನ ಚೀಟಿ ಕಿಸೆಯಲ್ಲಿದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು. ಚೀಟಿ ಕಳೆದುಹೋಗಿ ಹೆಸರಿದ್ದರೆ ಆಯೋಗ ಒಪ್ಪಿದ ಬೇರೆ ದಾಖಲೆ ತೋರಿಸಿ ಮತ ಹಾಕಬಹುದು.

ಗಡಿಯ ಮನೆಗಳಲ್ಲಿ ಇನ್ನೊಂದು ತೊಂದರೆ. ಇಲ್ಲಿಯ ಹುಡುಗಿಯನ್ನು ಸುಳ್ಯಕ್ಕೋ ಪುತ್ತೂರಿಗೋ ಕೊಡುತ್ತೇವೆ, ಅಲ್ಲಿಂದ ಸೊಸೆ ತರುತ್ತೇವೆ. ತವರಿನಲ್ಲೂ ಗಂಡನ ಮನೆಯಲ್ಲೂ ಹೆಸರು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಊರು ಬದಲಾದರೆ ಫಾರ್ಮ್ 8. ಹೆಸರಿನ ಕಾಗುಣಿತ ತಪ್ಪಿದ್ದರೂ ಅದೇ ಫಾರ್ಮ್ 8.

ಆ ಹುಡುಗನ ಅಪ್ಪ ಮರುದಿನ ತಾವೇ ಬಂದರು. "ಇಷ್ಟು ವರ್ಷ ನಾರಾಯಣನ್ ಆಗಿಯೇ ಓಟು ಹಾಕಿದೆ, ಯಾರೂ ಕೇಳಲಿಲ್ಲ ಮಾಷ್ಟ್ರೇ" ಎಂದರು. ಹಳೆಯ ಪಟ್ಟಿಯ ವಿವರ ಅದರಲ್ಲಿದ್ದಂತೆಯೇ ಬರೆದುಕೊಟ್ಟೆವು. ತಿದ್ದುಪಡಿಗೆ ಅವರೇ ಕನ್ನಡಕ ಹಾಕಿಕೊಂಡು ಸಹಿ ಮಾಡಿದರು, ನಿಧಾನವಾಗಿ, ಕನ್ನಡದಲ್ಲಿ.